ಮೊದಲ ಹತ್ತು ನಿಮಿಷದ ಚಳಿ

ಆಫೀಸಿಗೆ ಸೈಕಲ್‌ನಲ್ಲಿ ಹೋಗಲು ಶುರು ಮಾಡಿದ ಮೇಲೆ ಇದು ನನ್ನ ಆರನೇ ಚಳಿಗಾಲ. ಮನೆಯಿಂದ 9 ಕಿಲೋಮೀಟರ್, ಸುಮಾರು 35 ನಿಮಿಷದ ದಾರಿ. ಬೆಳಿಗ್ಗೆ ಹೊರಡುವಾಗ ಇನ್ನೂ ಕತ್ತಲು. ಹೆಚ್ಚಿನ ದಿನ 3ರಿಂದ 6 ಡಿಗ್ರಿ ಇರುತ್ತದೆ. ಕೆಲವು ದಿನ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ.

ಮೊದಲ ವರ್ಷ ಚಳಿಗೆ ಹೆದರಿ ಸಿಕ್ಕಿದ್ದನ್ನೆಲ್ಲ ಹಾಕಿಕೊಂಡು ಹೊರಟಿದ್ದೆ. ಹತ್ತಿ ಬನಿಯನ್, ಅದರ ಮೇಲೆ ಶರ್ಟು, ಸ್ವೆಟರ್, ಮತ್ತೆ ದಪ್ಪ ಜಾಕೆಟ್. ಬಾಗಿಲು ದಾಟುವಾಗ ಮೈ ಬೆಚ್ಚಗಿತ್ತು. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಬೆನ್ನೆಲ್ಲ ಬೆವರು. ಮುಂದೆ ರೈಲ್ವೆ ಗೇಟ್ ಹಾಕಿತ್ತು, ಐದಾರು ನಿಮಿಷ ನಿಲ್ಲಬೇಕಾಯಿತು. ಒದ್ದೆ ಬನಿಯನ್ ಬೆನ್ನಿಗೆ ಅಂಟಿಕೊಂಡಿತು. ಹಲ್ಲು ಕಟಕಟ ಅನ್ನತೊಡಗಿತು. ಉಳಿದ ಐದು ಕಿಲೋಮೀಟರ್ ಎಷ್ಟು ತುಳಿದರೂ ಮೈ ಬಿಸಿಯಾಗಲೇ ಇಲ್ಲ.

ಅವತ್ತು ಗೊತ್ತಾಗಿದ್ದು, ಚಳಿಗಿಂತ ಬೆವರಿಗೆ ಜಾಸ್ತಿ ಹೆದರಬೇಕು ಅಂತ. ಹತ್ತಿ ಬಟ್ಟೆ ಬೆವರನ್ನು ಹೀರಿ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗೇ ಇಡುತ್ತದೆ. ಈಗ ನಾನು ಹಾಕುವುದು ಮೈಗೆ ಅಂಟಿದ ಹಾಗೆ ತೆಳು ಉಣ್ಣೆ ಬನಿಯನ್, ಅದರ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಅಷ್ಟೇ. ತುಂಬಾ ಚಳಿ ಇದ್ದ ದಿನ ನಡುವೆ ಇನ್ನೊಂದು ತೆಳು ಸ್ವೆಟರ್. ಆಫೀಸಿನ ಬಟ್ಟೆ ಬ್ಯಾಗಿನಲ್ಲಿರುತ್ತದೆ. ಹೊರಗೆ ಬಂದ ಕೂಡಲೇ ಮೈ ನಡುಗಬೇಕು. ನಡುಗದೇ ಇದ್ದರೆ ಬಟ್ಟೆ ಜಾಸ್ತಿಯಾಯಿತು ಅಂತಲೇ ಅರ್ಥ, ವಾಪಸ್ ಹೋಗಿ ಒಂದು ಪದರ ತೆಗೆದಿಟ್ಟು ಬರುತ್ತೇನೆ. ಮೊದಲ ಹತ್ತು ನಿಮಿಷ ತಡೆದುಕೊಂಡರೆ ಸಾಕು, ಕಾಲು ತುಳಿಯುವ ಬಿಸಿಗೆ ಮೈ ತಾನೇ ಕಾವೇರುತ್ತದೆ.

ಕೈಬೆರಳಿನ ಕಥೆ ಮಾತ್ರ ಬೇರೆ. ಸೈಕಲ್ ಹೋದಷ್ಟೂ ಹೊತ್ತು ಮುಖಕ್ಕೆ, ಕೈಗೆ ಗಾಳಿ ಬಡಿಯುತ್ತಲೇ ಇರುತ್ತದೆ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬಡಿದರೆ ಚರ್ಮಕ್ಕೆ ಅದು 1 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಜೊತೆಗೆ ಚಳಿಯಾದಾಗ ದೇಹ ಎದೆ, ಹೊಟ್ಟೆಯನ್ನು ಬೆಚ್ಚಗಿಡಲು ಕೈಕಾಲಿನ ತುದಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ತೊಡೆ ಬಿಸಿಯಾಗಿ ಉರಿಯುತ್ತಿರುತ್ತದೆ, ಹ್ಯಾಂಡಲ್ ಹಿಡಿದ ಬೆರಳು ಮಾತ್ರ ಕಟ್ಟಿಗೆ.

ಒಂದು ದಿನ ತೆಳು ಗ್ಲೌಸ್‌ನಲ್ಲಿ ಹೋಗಿದ್ದೆ. ಆಫೀಸು ಮುಟ್ಟಿ ಸೈಕಲ್‌ಗೆ ಬೀಗ ಹಾಕಬೇಕು, ಕೀಲಿ ಹಿಡಿಯಲು ಆಗುತ್ತಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕೀಲಿ ಇದೆ ಅಂತ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಗೊತ್ತಾಗುತ್ತಿಲ್ಲ. ಎರಡು ಸಲ ಕೆಳಗೆ ಬಿತ್ತು. ಕೊನೆಗೆ ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ತಿರುಗಿಸಿದೆ. ಒಳಗೆ ಹೋಗಿ ಐದು ನಿಮಿಷಕ್ಕೆ ಬೆರಳಿಗೆ ರಕ್ತ ಬರತೊಡಗಿತು ನೋಡಿ, ಉಗುರಿನ ಬುಡದಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ಕಣ್ಣಲ್ಲಿ ನೀರು ಬಂತು. ಮರಗಟ್ಟಿದ ಬೆರಳಿನಿಂದ ಬ್ರೇಕ್ ಎಷ್ಟು ಒತ್ತುತ್ತಿದ್ದೇನೆ ಅಂತಲೂ ತಿಳಿಯುವುದಿಲ್ಲ, ನನಗೆ ಆ ನೋವಿಗಿಂತ ಜಾಸ್ತಿ ಭಯ ಆಗಿದ್ದು ಅದು ನೆನಪಾಗಿ. ಆಮೇಲಿಂದ ಹೆಬ್ಬೆರಳು ಒಂದು ಕಡೆ, ಉಳಿದ ನಾಲ್ಕೂ ಒಂದೇ ಚೀಲದಲ್ಲಿ ಇರುವ ಗ್ಲೌಸ್ ಹಾಕುತ್ತೇನೆ. ಬೆರಳು ಒಂದನ್ನೊಂದು ಬೆಚ್ಚಗಿಡುತ್ತವೆ. ಹೊಸದಾಗಿ ಕೊಂಡ ದಿನ ಖಾಲಿ ಜಾಗದಲ್ಲಿ ಹತ್ತು ನಿಮಿಷ ಬ್ರೇಕ್ ಹಿಡಿದು ಅಭ್ಯಾಸ ಮಾಡಿಕೊಂಡೆ.

ಕಾಲಿಗೆ ಎರಡು ಜೊತೆ ಸಾಕ್ಸ್ ತುರುಕಿದರೆ ಪ್ರಯೋಜನ ಇಲ್ಲ. ಶೂ ಬಿಗಿಯಾಗಿ ರಕ್ತ ಓಡಾಡುವುದೇ ಕಷ್ಟ. ಒಂದೇ ಉಣ್ಣೆ ಸಾಕ್ಸ್, ಬೆರಳು ಆಡಿಸುವಷ್ಟು ಸಡಿಲ ಇರುವ ಶೂ ಸಾಕು.

ಬಿದ್ದಿದ್ದು ಒಂದೇ ಸಲ, ಮೂರನೇ ವರ್ಷ. ದಾರಿಯಲ್ಲಿ ಒಂದು ಚಿಕ್ಕ ಸೇತುವೆ ಇದೆ. ಅವತ್ತು ರಸ್ತೆ ಒಣಗಿತ್ತು, ಸೇತುವೆಯ ಮೇಲೆ ಮಾತ್ರ ಸ್ವಲ್ಪ ಹೊಳಪು ಕಂಡಿತು. ಒದ್ದೆ ಇರಬೇಕು ಅಂದುಕೊಂಡು ಮುಂದಿನ ಬ್ರೇಕ್ ಮೆಲ್ಲಗೆ ಹಿಡಿದೆ. ಮುಂದಿನ ಚಕ್ರ ಪಕ್ಕಕ್ಕೆ ಸರಿದಿದ್ದು ಗೊತ್ತಾಗುವ ಮೊದಲೇ ನಾನು ಎಡ ಸೊಂಟದ ಮೇಲೆ ಬಿದ್ದಿದ್ದೆ. ನೆಲಕ್ಕೆ ಅಂಗೈ ಊರಿದಾಗ ತಿಳಿಯಿತು, ಅದು ನೀರಲ್ಲ, ಗಾಜಿನಷ್ಟು ತೆಳುವಾದ ಐಸು. ಡಾಂಬರು ಹಾಗೇ ಕಪ್ಪಗೆ ಅದರೊಳಗಿಂದ ಕಾಣುತ್ತಿತ್ತು. ರಸ್ತೆಗೆ ಕೆಳಗಿನ ಮಣ್ಣಿನ ಬಿಸಿಯಾದರೂ ಸಿಗುತ್ತದೆ. ಸೇತುವೆಗೆ ಮೇಲೂ ಕೆಳಗೂ ತಣ್ಣನೆ ಗಾಳಿ. ಹಾಗಾಗಿ ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುವುದು ಅಲ್ಲೇ. ಬಿಸಿಲು ಬೀಳದ ತಿರುವುಗಳೂ ಹೀಗೇ. ಈಗ ಹೊಳಪು ಕಂಡರೆ ಅದಕ್ಕೆ ಮುಂಚೆಯೇ ವೇಗ ಇಳಿಸುತ್ತೇನೆ. ಅದರ ಮೇಲೆ ಹೋಗುವಾಗ ಬ್ರೇಕ್ ಮುಟ್ಟುವುದಿಲ್ಲ, ಹ್ಯಾಂಡಲ್ ತಿರುಗಿಸುವುದಿಲ್ಲ, ನೇರ ಉರುಳಿಕೊಂಡು ಹೋಗುತ್ತೇನೆ. ಅನುಮಾನ ಇದ್ದರೆ ಇಳಿದು ತಳ್ಳಿಕೊಂಡು ಹೋಗುವುದೇ ಸರಿ.

ಹಿಮ ಬೀಳುವ ಊರಿನವರು ಮೊಳೆ ಟೈರು ಹಾಕುತ್ತಾರೆ, ರಬ್ಬರಿನಲ್ಲಿ ಗಟ್ಟಿ ಲೋಹದ ಚಿಕ್ಕ ಮೊಳೆಗಳಿರುತ್ತವೆ. ಫಿನ್‌ಲೆಂಡಿನ ಔಲು ನಗರದಲ್ಲಿ ಹಿಮದ ಮೇಲೇ ಜನ ಚಳಿಗಾಲವಿಡೀ ಸೈಕಲ್ ತುಳಿಯುತ್ತಾರೆ. ಚಳಿಗಾಲದ ಸೈಕಲ್ ಸವಾರಿಗೆ ಅಂತಲೇ ಒಂದು ಅಂತಾರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಅಲ್ಲಿಂದಲೇ ಶುರುವಾಯಿತು. ಅದನ್ನು ಓದಿದ ಮೇಲೆ ನನ್ನ 3 ಡಿಗ್ರಿ ಏನೂ ಅಲ್ಲ ಅನ್ನಿಸಿ ಧೈರ್ಯ ಬಂದಿದ್ದು ನಿಜ.

ಲೈಟಿನ ವಿಷಯದಲ್ಲಿ ಮಾತ್ರ ದಯವಿಟ್ಟು ಉಳಿತಾಯ ನೋಡಬೇಡಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಬೇಸಿಗೆಯಲ್ಲಿ ನಾಲ್ಕು ದಿನ ಬರುತ್ತಿದ್ದ ನನ್ನ ಲೈಟು ಈಗ ಎರಡೂವರೆ ದಿನಕ್ಕೇ ಮಂಕಾಗುತ್ತದೆ. ಅದಕ್ಕೇ ದಿನವೂ ಚಾರ್ಜ್ ಮಾಡುತ್ತೇನೆ, ಹಿಂದೆ ಎರಡು ಕೆಂಪು ಲೈಟು ಇರುತ್ತದೆ. ಹೊಳೆಯುವ ಪಟ್ಟಿಯನ್ನು ಕಾಲಿನ ಗಂಟಿಗೂ ಕಟ್ಟಿಕೊಳ್ಳುತ್ತೇನೆ. ಪೆಡಲ್ ಜೊತೆ ಅದು ಮೇಲೆ ಕೆಳಗೆ ಆಡುವಾಗ ಹಿಂದಿನವರಿಗೆ ಸೈಕಲ್ ಅಂತ ತಟ್ಟನೆ ಗೊತ್ತಾಗುತ್ತದೆ. ಬೆಳಕಾದ ಮೇಲೂ ಹುಷಾರಾಗಿರಬೇಕು. ಚಳಿಗಾಲದ ಸೂರ್ಯ ಕೆಳಗೇ ಇರುತ್ತಾನೆ. ನನ್ನ ನೆರಳು ಮುಂದೆ ಉದ್ದಕ್ಕೆ ಬಿದ್ದಿದೆ ಅಂದರೆ ಎದುರಿನಿಂದ ಬರುವವರ ಕಣ್ಣಿಗೆ ನೇರ ಬಿಸಿಲು ಅಂತ, ಅಲ್ವಾ? ಅವರು ನನ್ನನ್ನು ನೋಡಿಲ್ಲ ಅಂತಲೇ ತಿಳಿದು ಹೋಗುತ್ತೇನೆ.

ಸೈಕಲ್‌ಗೂ ಸ್ವಲ್ಪ ಜಾಸ್ತಿ ಆರೈಕೆ ಬೇಕು. 25 ಡಿಗ್ರಿಯಲ್ಲಿ 60 ಪಿಎಸ್‌ಐ ಒತ್ತಡಕ್ಕೆ ಗಾಳಿ ತುಂಬಿದ ಟೈರು 5 ಡಿಗ್ರಿಗೆ ಬಂದರೆ ಸುಮಾರು 55 ಆಗುತ್ತದೆ, ಪಂಚರ್ ಅಲ್ಲ. ನಾನು ಅದನ್ನು ಹಾಗೇ ಬಿಡುತ್ತೇನೆ. ಸ್ವಲ್ಪ ಮೆತ್ತಗಿದ್ದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿ ಸಿಗುತ್ತದೆ. ಐಸು ಕರಗಲು ರಸ್ತೆಗೆ ಉಪ್ಪು ಹಾಕಿದ ದಿನ ಚೈನನ್ನು ಒರೆಸದೆ ಬಿಟ್ಟರೆ ಎರಡೇ ದಿನಕ್ಕೆ ಕೆಂಪು ತುಕ್ಕು. ಸುಮ್ನೆ ಒಂದು ಹಳೇ ಬಟ್ಟೆಯಲ್ಲಿ ಒರೆಸಿ ನಾಲ್ಕು ಹನಿ ಎಣ್ಣೆ ಬಿಟ್ಟರೆ ಆಯಿತು, ಮೂರು ನಿಮಿಷದ ಕೆಲಸ.

ಇವತ್ತು ಸಂಜೆ ಬಂದವನೇ ಅದನ್ನು ಮಾಡಿದೆ. ಒದ್ದೆ ಶೂ ಒಳಗೆ ಹಳೇ ಪೇಪರ್ ಮುದುರಿ ತುಂಬಿದೆ, ಗ್ಲೌಸನ್ನು ಒಳಹೊರಗು ಮಾಡಿ ಒಣಹಾಕಿದೆ. ಲೈಟು ಮೂರೂ ಚಾರ್ಜಿಗೆ ಇವೆ. ನಾಳೆ ಬೆಳಿಗ್ಗೆ ಸೊನ್ನೆ ಡಿಗ್ರಿ ಅಂತ ಹವಾಮಾನ ವರದಿ ಹೇಳಿದೆ. ಸೇತುವೆ ಇಲ್ಲದ ಇನ್ನೊಂದು ದಾರಿ ಒಂದು ಕಿಲೋಮೀಟರ್ ಸುತ್ತು. ಆ ಕಡೆಯಿಂದಲೇ ಹೋಗಬೇಕು, ಐದು ನಿಮಿಷ ಬೇಗ ಅಲಾರಂ ಇಟ್ಟಿದ್ದೇನೆ.