ಭೂಮಿಯ ಟೆಂಪರೇಚರ್ ನಾನೇ ಲೆಕ್ಕ ಹಾಕಿ ನೋಡಿದಾಗ

ಭೂಮಿ ಸೂರ್ಯನಿಂದ ಸರಿಯಾದ ದೂರದಲ್ಲಿದೆ ಅದಕ್ಕೇ ಇಲ್ಲಿ ಜೀವ ಇದೆ ಅಂತ ಎಲ್ರೂ ಹೇಳ್ತಾರೆ. ಸುಳ್ಳಲ್ಲ, ಆದ್ರೆ ಅರ್ಧ ಕಥೆ ಅಷ್ಟೇ. ದೂರ ಒಂದೇ ಸಾಕಾಗತ್ತಾ ಅಂತ ನೋಡೋಣ ಅಂದ್ಕೊಂಡು ಎಕ್ಸೆಲ್ ಶೀಟ್ ಓಪನ್ ಮಾಡಿ ಕೂತೆ.

ಬಿಸಿಲು ಭೂಮಿ ಹತ್ರ ಬರೋ ಹೊತ್ತಿಗೆ ಚದರ ಮೀಟರ್‌ಗೆ ಸುಮಾರು 1361 ವ್ಯಾಟ್ ಇರತ್ತೆ. ಭೂಮಿ ಗುಂಡಗಿದೆ, ಅರ್ಧ ಭಾಗ ಕತ್ತಲೆ, ಅಂಚಿನಲ್ಲಿ ಬಿಸಿಲು ಓರೆಯಾಗಿ ಬೀಳತ್ತೆ, ಹಾಗಾಗಿ ಸರಾಸರಿಗೆ 4ರಿಂದ ಭಾಗಿಸ್ಬೇಕು, 340 ಬರತ್ತೆ. ಅದ್ರಲ್ಲಿ ಶೇ. 30ರಷ್ಟನ್ನ ಮೋಡ, ಹಿಮ, ಮರಳು ಎಲ್ಲಾ ಸೇರಿ ವಾಪಸ್ ಕಳಿಸ್ತವೆ. ಉಳಿಯೋದು 238 ವ್ಯಾಟ್. ಒಳಗೆ ಬಂದಷ್ಟೇ ಇನ್ಫ್ರಾರೆಡ್ (ಕಣ್ಣಿಗೆ ಕಾಣದ ಶಾಖದ ಕಿರಣ) ಆಗಿ ಹೊರಗೂ ಹೋಗ್ಬೇಕಲ್ಲ, ಇಲ್ಲಾಂದ್ರೆ ಬಿಸಿ ಏರ್ತಾನೇ ಇರತ್ತೆ, ಅದಕ್ಕೆ ಒಂದು ವಸ್ತು ಎಷ್ಟು ಬಿಸಿ ಇದ್ರೆ ಎಷ್ಟು ಶಾಖ ಸೂಸತ್ತೆ ಅಂತ ಹೇಳೋ ಸ್ಟೀಫನ್-ಬೋಲ್ಟ್ಸ್‌ಮನ್ ಸೂತ್ರ ಹಾಕಿದ್ರೆ ಉತ್ತರ 255 ಕೆಲ್ವಿನ್. ಅಂದ್ರೆ ಮೈನಸ್ 18 ಡಿಗ್ರಿ! ನಿಜವಾದ ಸರಾಸರಿ ಸುಮಾರು 15 ಡಿಗ್ರಿ. ದೂರ ಸರಿಯಾಗೇ ಇದ್ರೂ ಸಮುದ್ರ ಹೆಪ್ಪುಗಟ್ಟಬೇಕಿತ್ತು, ಈ 33 ಡಿಗ್ರಿ ಎಲ್ಲಿಂದ ಬಂತು?

ಗಾಳಿಯಿಂದ. ಅದೂ ಗಾಳಿಯಲ್ಲಿ ಬಹುಪಾಲು ಇರೋ ನೈಟ್ರೋಜನ್, ಆಕ್ಸಿಜನ್‌ನಿಂದ ಅಲ್ಲ, ಅವು ಇನ್ಫ್ರಾರೆಡ್‌ನ ಹೆಚ್ಚುಕಮ್ಮಿ ಹಾಗೇ ಬಿಟ್ಬಿಡ್ತವೆ. ಹಿಡಿಯೋದು ನೀರಾವಿ, ಕಾರ್ಬನ್ ಡೈಆಕ್ಸೈಡ್ ಥರದ ಚಿಲ್ಲರೆ ಪ್ರಮಾಣದಲ್ಲಿರೋ ಅನಿಲಗಳು. 1859ರಲ್ಲೇ ಜಾನ್ ಟಿಂಡಾಲ್ ಅನ್ನೋ ವಿಜ್ಞಾನಿ ಇದನ್ನ ಲ್ಯಾಬ್‌ನಲ್ಲಿ ಅಳೆದಿದ್ದ. ಶೀಟ್‌ನಲ್ಲಿ ಗಾಳಿಯನ್ನ ಒಂದೇ ಪದರ ಅಂತ ಇಟ್ಕೊಂಡು, ನೆಲದಿಂದ ಏಳೋ ಶಾಖನೆಲ್ಲಾ ಅದು ಹಿಡಿದು ಅರ್ಧ ಮೇಲಕ್ಕೆ, ಅರ್ಧ ವಾಪಸ್ ನೆಲಕ್ಕೆ ಸೂಸತ್ತೆ ಅಂತ ಕೊಟ್ರೆ 30 ಡಿಗ್ರಿ ಬರತ್ತೆ, ಜಾಸ್ತಿ ಆಯ್ತು. ಶೇ. 78ರಷ್ಟು ಮಾತ್ರ ಹಿಡಿಯತ್ತೆ ಅಂತ ಕೊಟ್ರೆ ಸರಿಯಾಗಿ 15ರ ಹತ್ರ ಬಂದು ನಿಲ್ಲತ್ತೆ. ಇದು ಉತ್ತರ ನೋಡ್ಕೊಂಡು ಹೊಂದಿಸಿದ ನಂಬರ್ರು, ಒಪ್ಕೋತೀನಿ, ಆದ್ರೂ ಆ ಒಂದು ಸೆಲ್‌ನ ಸ್ವಲ್ಪ ಅಲ್ಲಾಡಿಸಿದ್ರೆ ಕೆಳಗಿನ ಟೆಂಪರೇಚರ್ ಹೇಗೆ ಓಡತ್ತೆ ಅಂತ ಕಣ್ಣಾರೆ ನೋಡ್ಬೇಕು.

ಇದನ್ನೇ ಆಕಾಶದಲ್ಲೂ ನೋಡ್ಬಹುದು. ದೂರದಿಂದಲೇ ಬಿಸಿ ಅಳೆಯೋ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ಯಲ್ಲ, ಅದನ್ನ ಮೋಡ ಇಲ್ಲದ ರಾತ್ರಿ ನೆತ್ತಿ ಮೇಲಕ್ಕೆ ಹಿಡಿದೆ, ಸೊನ್ನೆಗಿಂತ ಕೆಳಗೆ ತೋರಿಸ್ತು. ಮೋಡ ಬಂದ್ಮೇಲೆ ಅದೇ ಜಾಗಕ್ಕೆ ಹಿಡಿದ್ರೆ ರೀಡಿಂಗ್ ಸರ್ರನೆ ಮೇಲೇರ್ತು. ಮೋಡ ಕವಿದ ರಾತ್ರಿ ಚಳಿ ಯಾಕೆ ಕಮ್ಮಿ ಅನ್ನೋದು ಅಲ್ಲೇ ಗೊತ್ತಾಗತ್ತೆ, ಮೇಲಿಂದ ನಮ್ ಕಡೆಗೇ ಶಾಖ ಇಳೀತಿರತ್ತೆ. (ಈ ಮೀಟರ್ ನೋಡೋ ತರಂಗಗಳಿಗೆ ಗಾಳಿ ಸುಮಾರಾಗಿ ಪಾರದರ್ಶಕ, ಹಾಗಾಗಿ ಆಕಾಶದಿಂದ ನಿಜವಾಗಿ ಇಳಿಯೋ ಶಾಖ ಅದು ತೋರಿಸೋದಕ್ಕಿಂತ ಜಾಸ್ತಿನೇ.)

ಆಮೇಲೆ ಅದೇ ಸೂತ್ರಕ್ಕೆ ಶುಕ್ರ ಗ್ರಹ ಹಾಕ್ದೆ, ನಂಗೆ ತುಂಬಾ ಇಷ್ಟವಾದ ಭಾಗ ಇದು. ಶುಕ್ರಕ್ಕೆ ನಮ್ಮ ಸುಮಾರು ಎರಡರಷ್ಟು ಬಿಸಿಲು ಬೀಳತ್ತೆ, ಆದ್ರೆ ಅದ್ರ ಬಿಳಿ ಮೋಡ ಮುಕ್ಕಾಲು ಭಾಗ ವಾಪಸ್ ಎಸೆಯತ್ತೆ, ಕೊನೆಗೆ ಅದು ಒಳಗೆ ತಗೊಳ್ಳೋದು ಭೂಮಿಗಿಂತ ಕಮ್ಮಿ! ಬರೀ ಬಿಸಿಲಿನ ಲೆಕ್ಕದಲ್ಲಿ ಶುಕ್ರ ಭೂಮಿಗಿಂತ ತಣ್ಣಗಿರ್ಬೇಕು. ಇರೋದು ಸುಮಾರು 464 ಡಿಗ್ರಿ, ಸೀಸ ಕರಗಿ ಹೋಗತ್ತೆ. ಅಲ್ಲಿನ ಗಾಳಿ ನಮ್ಮದಕ್ಕಿಂತ 90 ಪಟ್ಟು ಒತ್ತಡದ್ದು, ಅದ್ರಲ್ಲಿ ಶೇ. 96 ಕಾರ್ಬನ್ ಡೈಆಕ್ಸೈಡ್. ಮಂಗಳದಲ್ಲೂ ಗಾಳಿ ಬಹುತೇಕ ಅದೇ, ಆದ್ರೆ ಒತ್ತಡ ನಮ್ಮದರಲ್ಲಿ ಶೇ. 1 ಕೂಡ ಇಲ್ಲ, ಸೂರ್ಯನಿಂದ ದೂರನೂ ಜಾಸ್ತಿ, ಅದಕ್ಕೆ ಅಲ್ಲಿ ಕೊರೆಯೋ ಚಳಿ. ಚಂದ್ರ ಅಂತೂ ಸೂರ್ಯನಿಂದ ನಮ್ಮಷ್ಟೇ ದೂರದಲ್ಲಿದೆ, ಗಾಳಿ ಇಲ್ಲ, ಹಗಲು 120 ಡಿಗ್ರಿ ತನಕ, ರಾತ್ರಿ ಮೈನಸ್ 130ಕ್ಕಿಂತ ಕೆಳಗೆ.

ಕೊನೆಗೆ 400 ಕೋಟಿ ವರ್ಷ ಹಿಂದಿನ ಸೂರ್ಯನ್ನ ಹಾಕ್ದೆ, ಆಗ ಅದ್ರ ಬೆಳಕು ಈಗಿನದ್ರಲ್ಲಿ ಹೆಚ್ಚುಕಮ್ಮಿ ಶೇ. 70 ಮಾತ್ರ. ಗಾಳಿ ಸೇರಿಸದೆ ಮೈನಸ್ 40 ಬಂತು, ಈಗಿನ 33 ಡಿಗ್ರಿ ಕೂಡಿಸಿದ್ರೂ ಸೊನ್ನೆಗಿಂತ ಕೆಳಗೇ. ಆದ್ರೆ ಅಷ್ಟು ಹಳೇ ಕಾಲದಲ್ಲೂ ನೀರು ದ್ರವವಾಗೇ ಇತ್ತು ಅನ್ನೋದಕ್ಕೆ ಕಲ್ಲುಗಳಲ್ಲಿ ಸಾಕ್ಷಿ ಇದೆ. ಆಗ ಹಸಿರುಮನೆ ಅನಿಲಗಳು (ಶಾಖ ಹಿಡಿಯೋ ಕಾರ್ಬನ್ ಡೈಆಕ್ಸೈಡ್ ಥರದವು) ಜಾಸ್ತಿ ಇದ್ದಿರ್ಬೇಕು ಅನ್ನೋದು ಮುಖ್ಯ ವಿವರಣೆ. ಚಳಿ ಹೆಚ್ಚಾದ್ರೆ ಮಳೆ ಕಮ್ಮಿ, ಬಂಡೆ ಸವೆಯೋದು ನಿಧಾನ, ಜ್ವಾಲಾಮುಖಿ ಉಗುಳಿದ ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲೇ ಉಳ್ಕೊಂಡು ಮತ್ತೆ ಬಿಸಿ ಮಾಡತ್ತೆ. ಬಿಸಿ ಹೆಚ್ಚಾದ್ರೆ ಮಳೆನೀರು ಅದನ್ನ ತೊಳೆದು ಬಂಡೆಗೆ ಸೇರಿಸತ್ತೆ. ಇದಕ್ಕೆ ಲಕ್ಷಾಂತರ ವರ್ಷ ಬೇಕು, ಹಾಗಾಗಿ ನನ್ನ ಶೀಟ್‌ನಲ್ಲಿ ಇದಕ್ಕೊಂದು ಸೆಲ್ ಇಲ್ಲ, ಬೇರೇನೇ ಮಾಡೆಲ್ ಬರೀಬೇಕು.