ಕ್ಯಾಮೆರಾದ ಮ್ಯಾನುವಲ್ ಮೋಡ್ ಕಲಿಯಲು ಒಂದು ಲೋಟ ಸಾಕು
ಕಿಟಕಿ ಪಕ್ಕ ಒಂದು ಗಾಜಿನ ಲೋಟ ಇಡಿ. ಬೆಳಕನ್ನು ನಾವೇ ಹೊಂದಿಸುವ ಈ ಮೋಡನ್ನು ನಾನು ಕಲಿತದ್ದು ಹೀಗೇ. ಆಟೋ ಐಎಸ್ಒ (ಐಎಸ್ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಫ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ತಾನೇ ಬೆಳಕು ಸರಿಮಾಡಿಬಿಡುತ್ತದೆ. ಐಎಸ್ಒ 400, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/4 ಇಟ್ಟು ಸುಮ್ನೆ ಬಿಡಿ. ಶಟರ್ ಸ್ಪೀಡ್, ಅಂದರೆ ಬೆಳಕು ಒಳಬರುವ ಸಮಯ ಮಾತ್ರ ಬದಲಿಸಿ: ಸೆಕೆಂಡಿನ 1/60, 1/125, 1/250. ಪ್ರತಿ ಸಲವೂ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಲೋಟದ ಅಂಚಿನ ಹೊಳಪನ್ನೇ ನೋಡಿ. ನನ್ನ 1/60ರ ಚಿತ್ರದಲ್ಲಿ ಅದು ಬರೀ ಬಿಳಿ ಮಚ್ಚೆ. 1/250ರಲ್ಲಿ ಅದರೊಳಗೆ ಕಿಟಕಿಯ ಸರಳುಗಳೇ ಕಂಡವು! ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ನನಗೆ ಅರ್ಥವಾದದ್ದು ಆಗಲೇ.

ಆಮೇಲೆ ಅಪರ್ಚರ್. ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು, ಎಫ್/8ಕ್ಕೆ ಹೋದರೆ ಬೆಳಕು ಕಾಲು ಭಾಗ. ಅದಕ್ಕೆ ಶಟರನ್ನು 1/250ರಿಂದ 1/60ಕ್ಕೆ ತನ್ನಿ. ಬೆಳಕು ಅಷ್ಟೇ ಇದೆ, ಆದರೆ ಹಿಂದಿನ ಗೋಡೆ ಇನ್ನಷ್ಟು ಸ್ಪಷ್ಟವಾಯಿತು ಅಲ್ವಾ?

ಕೈ ಅಲುಗುತ್ತಿದ್ದರೆ ಶಟರ್ ಇನ್ನೂ ನಿಧಾನ ಮಾಡಬೇಡಿ, ವೇಗ ಮಾಡಿ, ಕಡಿಮೆಯಾದ ಬೆಳಕಿಗೆ ಐಎಸ್ಒ ಏರಿಸಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ನನಗೆ ಪರವಾಗಿಲ್ಲ.