ಬ್ರೇಕ್ ಶಿಫ್ಟ್ ತೆಗೆದ ಮೇಲೆ

"ಶೆಟ್ರೇ, ನೀವು ನಡೆಸೋದು ಹೋಟೆಲೋ ಜೈಲೋ?" ಮುಂಬಯಿ ಘಾಟ್ಕೋಪರಿನ ನಮ್ಮ ಗಲ್ಲಾದ ಮುಂದೆ ನಿಂತು ಹೀಗೆ ನಕ್ಕವರೇ ಹೋದ ತಿಂಗಳು ಫೋನ್ ಮಾಡಿದರು. ತಪ್ಪು ಮಾಡಿ ಸಿಕ್ಕಿ, ಕೋರ್ಟು ಜೈಲಿಗೆ ಹಾಕದೆ ಬಿಟ್ಟ ಹುಡುಗರಿಗೆ ನಾನು ಹೋಟೆಲಿನಲ್ಲಿ ಕೆಲಸ ಕೊಡುತ್ತೇನೆ. ಅಂಥ ಒಬ್ಬ ಹುಡುಗ ಅವರಿಗೂ ಬೇಕಂತೆ. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ದಾರಿ 1958ರ ಪ್ರೊಬೇಷನ್ ಕಾಯ್ದೆ, ಅಂದರೆ ತಪ್ಪು ಮಾಡಿದವನನ್ನು ಜೈಲಿನ ಬದಲು ಒಳ್ಳೆ ನಡತೆಯ ಷರತ್ತಿನ ಮೇಲೆ ಬಿಡುವ ಕಾನೂನು. ಹುಡುಗ 21ರ ಒಳಗಿನವನಾಗಿದ್ದು ತಪ್ಪು ಜೀವಾವಧಿ ಶಿಕ್ಷೆ ಆಗುವಂಥದ್ದಲ್ಲದಿದ್ದರೆ, ಜೈಲಿಗೆ ಕಳಿಸಲು ನ್ಯಾಯಾಧೀಶರೇ ಕಾರಣ ಬರೆಯಬೇಕು. ಆದರೆ ಬಾಂಡ್ (ನೆಟ್ಟಗೆ ಇರುತ್ತೇನೆಂಬ ಮುಚ್ಚಳಿಕೆ) ಮೇಲೆ ಬಿಡಲು ಅವನಿಗೋ ಜಾಮೀನು ನಿಂತವರಿಗೋ ಆ ಕೋರ್ಟಿನ ವ್ಯಾಪ್ತಿಯಲ್ಲಿ ಖಾಯಂ ಮನೆ ಇಲ್ಲವೇ ಕೆಲಸ ಇರಬೇಕು. ಫುಟ್‌ಪಾತಿನಲ್ಲಿ ಮಲಗುವವನಿಗೆ ಎರಡೂ ಇಲ್ಲ. ಇವನಿಗೆ ಕೆಲಸ ಕೊಟ್ಟಿದ್ದೇನೆ ಅಂತ ಬರೆದುಕೊಡುವ ನನ್ನ ಲೆಟರ್‌ಹೆಡ್ ಕೆಲಸಕ್ಕೆ ಬರುವುದು ಅಲ್ಲಿ.

ಹೀಗೆ ಬಂದ ಮೊದಲನೆಯವನು ಹತ್ತು ಹನ್ನೊಂದು ದಿನದಲ್ಲಿ ಗಲ್ಲಾದಿಂದ ನಾಲ್ಕು ಸಾವಿರ ಚಿಲ್ಲರೆ ಎತ್ತಿಕೊಂಡು ಹೋದ. ಎರಡನೆಯವನು ತಾಯಿಗೆ ಹುಷಾರಿಲ್ಲ ಅಂತ ಎಂಟು ಸಾವಿರ ಅಡ್ವಾನ್ಸ್ ತೆಗೆದುಕೊಂಡ. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಆಮೇಲೆ ಇಬ್ಬರನ್ನು ಒಂದೇ ಖೋಲಿಯಲ್ಲಿಟ್ಟೆ, ಒಬ್ಬನಿಗೊಬ್ಬ ಜೊತೆ ಅಂತ. ಜೊತೆಯಾಗಿಯೇ ಸಿಲಿಂಡರ್ ಮಾರಿ ಹೋದರು. ಮೊದಲ ವರ್ಷ ಐವತ್ತು ಸಾವಿರದ ಹತ್ತಿರ ಹೋಗಿರಬೇಕು. ಮನೆಯವಳು ಒಂದು ವಾರ ಮಾತಾಡಲಿಲ್ಲ.

ಎಲ್ಲಿ ಎಡವಿದೆ ಅಂತ ಯೋಚಿಸಿದೆ. ನಾಲ್ವರೂ ಹೋದದ್ದು ಮಧ್ಯಾಹ್ನ ಮೂರರಿಂದ ಆರರ ಒಳಗೆ. ಬೆಳಿಗ್ಗೆ ಕೆಲಸ, ನಡುವೆ ಬಿಡುವು, ಸಂಜೆ ಮತ್ತೆ ಕೆಲಸ, ಇದು ನಮ್ಮ ಬ್ರೇಕ್ ಶಿಫ್ಟ್. ಆ ಬಿಡುವಿನ ಹೊತ್ತು ಅಲ್ವಾ! ಉಳಿದವರು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಾರೆ. ಇವರಿಗೆ ನಿದ್ದೆ ಬರುವುದಿಲ್ಲ, ಸುಮ್ನೆ ಸ್ಟೇಷನ್ ಕಡೆ ಹೋಗುತ್ತಾರೆ. ಹಳೇ ಗೆಳೆಯರು ಅಲ್ಲೇ ಇರುತ್ತಾರೆ.

ಈ ಹುಡುಗರಿಗೆ ಆ ಬ್ರೇಕನ್ನೇ ತೆಗೆದುಹಾಕಿದೆ. ಹನ್ನೆರಡಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಮುಗಿಯಿತು. ಮೂರು ಗಂಟೆಗೆ ನಮ್ಮ ಮುದಿ ಭಟ್ಟರ ಜೊತೆ ಕೂತು ಕಾಯಿ ತುರಿಯಬೇಕು. ಬೆಳಿಗ್ಗೆ ಖಾಲಿ ಇದ್ದರೂ ಚಿಂತೆಯಿಲ್ಲ, ಆ ಗೆಳೆಯರು ಎದ್ದೇ ಇರುವುದಿಲ್ಲ! ಬೆಳಗಿನ ಹೊತ್ತಿಗೆ ಇನ್ನೊಬ್ಬನನ್ನು ಇಟ್ಟುಕೊಳ್ಳಬೇಕಾಯಿತು. ತಿಂಗಳಿಗೆ ಹದಿನಾಲ್ಕು ಸಾವಿರ ಜಾಸ್ತಿ. ಮೊದಲ ವಾರ ಕೋರ್ಟಿನಿಂದ ಬಂದ ಹೊಸಬನ ಕೈಗೆ ಯಾವ ಕೆಲಸ ಕೊಡುತ್ತೇನೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕೆ ನಾನೇ ದುಡ್ಡು ತೆತ್ತಿದ್ದೇನೆ.

ಬಾಂಡ್ ಮೇಲೆ ಬಿಟ್ಟವರ ಮೇಲೆ ಕಣ್ಣಿಡುವ ಪ್ರೊಬೇಷನ್ ಆಫೀಸರ್ ಊಟದ ರಶ್ಶಿನಲ್ಲೇ ಬರುತ್ತಿದ್ದರು. ಗಿರಾಕಿಗಳೆಲ್ಲ ಹುಡುಗನನ್ನೇ ನೋಡುವುದು. ನಾಲ್ಕಕ್ಕೆ ಬನ್ನಿ ಸಾಹೇಬ್ರೆ, ಚಹಾ ಕುಡಿಯೋಣ ಅಂದೆ. ಸರಿಹೋಯಿತು.

ನಡುವೆ ಇನ್ನೊಂದು ಹುಚ್ಚು. ಅಪ್ಪನ ಕಾಲದ ಮಾಣಿಗಳು ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ನಾನೂ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿದೆ. ಮೂರನೇ ದಿನಕ್ಕೆ ಮೇಷ್ಟ್ರೊಬ್ಬರೇ! ಡ್ರೈವಿಂಗ್ ಕ್ಲಾಸಿಗೆ ಹಾಕಿದರೆ ಒಬ್ಬ ಕಲಿತ, ಈಗ ಟೆಂಪೋ ಓಡಿಸುತ್ತಾನೆ.

2024ರ ಜುಲೈಯಿಂದ ಹೊಸ ದಂಡ ಸಂಹಿತೆ, ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಐದು ಸಾವಿರಕ್ಕಿಂತ ಕಡಿಮೆ ಮಾಲು, ಮೊದಲ ಕಳ್ಳತನ, ಮಾಲು ವಾಪಸ್ ಕೊಟ್ಟರೆ ಜೈಲಿನ ಬದಲು ಸಮುದಾಯ ಸೇವೆ, ಅಂದರೆ ಊರಿಗೆ ಉಪಯೋಗವಾಗುವ ಕೆಲಸ. ಒಳ್ಳೆಯದೇ. ಆದರೆ ಅದಕ್ಕೆ ಕೂಲಿ ಇಲ್ಲ. ಸೇವೆ ಮುಗಿದ ಮರುದಿನ ಅವನು ಊಟಕ್ಕೆ ಏನು ಮಾಡಬೇಕು?

ಬ್ರೇಕ್ ತೆಗೆದ ಮೇಲೆ ಬಂದ ಆರು ಜನರಲ್ಲಿ ಐವರು ಬಾಂಡಿನ ಅವಧಿ ಮುಗಿಸಿದರು. ಒಬ್ಬ ಈಗ ದೋಸೆ ಕಾವಲಿಯ ಮೇಲಿದ್ದಾನೆ, ಹಿಟ್ಟು ನೀರಾದರೆ ನನಗೇ ಬೈಯುತ್ತಾನೆ. ಫೋನ್ ಮಾಡಿದವರಿಗೆ ಬೇಕಾದದ್ದು ಇವನೇ. ಕೊಡುವುದಿಲ್ಲ, ಕೋರ್ಟಿಗೆ ಹೋಗಿ ನಿಮ್ಮವನನ್ನು ನೀವೇ ಹುಡುಕಿ ಅಂದೆ.